ಖಾಲಿ ಡಬ್ಬಿ ವಾಪಸ್ ಕೊಡಬಾರದು

ನಮ್ಮ ಅಡುಗೆಮನೆ ಕಟ್ಟೆ ಮೇಲೆ ಒಂದು ಸ್ಟೀಲ್ ಡಬ್ಬಿ ಮೂರು ವಾರದಿಂದ ಕೂತಿದೆ. ನಮ್ಮದಲ್ಲ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಯಾರದೋ ಇನಿಷಿಯಲ್ಲು, ಅದರ ಕೆಳಗೆ ಗೃಹಪ್ರವೇಶದ ತಾರೀಖು. ಪಾತ್ರೆ ಅಂಗಡಿಯವರು ಜುಂಯ್ ಅಂತ ಸದ್ದು ಮಾಡುವ ಪುಟ್ಟ ಮಿಷನ್ನಿನಲ್ಲಿ ಕೊರೆದುಕೊಡುತ್ತಾರಲ್ಲ, ಆ ಥರದ್ದು. 1998ರದ್ದು. ಎದುರುಮನೆ ಆಂಟಿ ಇದರ ತುಂಬ ಚಕ್ಕುಲಿ ಕೊಟ್ಟಿದ್ದರು. ಚಕ್ಕುಲಿ ಎರಡೇ ದಿನಕ್ಕೆ ಖಾಲಿ. ಡಬ್ಬಿ ತೊಳೆದು, ಒರೆಸಿ, ಬಿಸಿಲಿಗೂ ಇಟ್ಟಾಯಿತು. ನಮ್ಮ ಬಾಗಿಲಿನಿಂದ ಅವರ ಬಾಗಿಲಿಗೆ ಎಂಟು ಹೆಜ್ಜೆ. ಆದರೂ ಡಬ್ಬಿ ಇಲ್ಲೇ ಇದೆ.

ಕಾರಣ ಅಮ್ಮ. ಸಾಗರದ ಕಡೆಯ ನಮ್ಮ ಊರಿಂದ ಬಂದು ಒಂದು ತಿಂಗಳಾಯಿತು. ನಾನು ಒಂದು ದಿನ ಆಫೀಸಿಗೆ ಹೊರಡುವಾಗ ಡಬ್ಬಿ ಕೈಗೆತ್ತಿಕೊಂಡೆ, ಹಂಗೇ ಕೊಟ್ಟು ಹೋಗೋಣ ಅಂತ. ಅಮ್ಮ ನನ್ನನ್ನು ಕಳ್ಳನನ್ನು ಹಿಡಿದ ಹಾಗೆ ಹಿಡಿದಳು. 'ಖಾಲಿ ಡಬ್ಬಿ ತಗೊಂಡು ಹೋಗ್ತೀಯಾ? ಏನೂ ಇಲ್ಲ ಅಂದ್ರೆ ಒಂದು ಹಿಡಿ ಸಕ್ಕರೆ ಆದ್ರೂ ಹಾಕು ಮಾರಾಯ. ಏನಂದ್ಕೊಂಡಾರು ಅವರು.' ಸಕ್ಕರೆ ಹಾಕಲಾ ಅಂದರೆ, 'ಚಕ್ಕುಲಿ ಕೊಟ್ಟವರಿಗೆ ಸಕ್ಕರೆ ಕೊಡೋಕಾಗುತ್ತಾ' ಅಂತ ಅದಕ್ಕೂ ಬೇಡ. ಅಲ್ಲಿಂದ ಶುರುವಾಯಿತು. ಬಾಳೆಹಣ್ಣು ಅಂದರೆ ಡಬ್ಬಿಗೆ ಹಿಡಿಯಲ್ಲ. ಅಂಗಡಿ ಮಿಕ್ಸ್ಚರ್ ಅಂದರೆ 'ಅದನ್ನ ಅವರೇ ತಗೊಳಲ್ವಾ'. ಮನೆಯಲ್ಲೇ ಏನಾದರೂ ಮಾಡಬೇಕು. ಮಾಡೋಕೆ ಟೈಮಿಲ್ಲ. ಮೂರು ವಾರ.

ಈ ಡಬ್ಬಿ ನೋಡುತ್ತಾ ನೋಡುತ್ತಾ ನನಗೆ ನನ್ನ ಡೈರಿ ನೆನಪಾಯಿತು, ಅದನ್ನು ಬರೆಯೋಣ ಅಂತಲೇ ಕೂತಿದ್ದು.

ಎರಡು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಕೃತಜ್ಞತೆಯ ಗೋಡೆ ಅಂತ ಒಂದು ಮಾಡಿದರು. ಎಚ್‌ಆರ್‌ನವರು ಹಳದಿ ಚೀಟಿ ಹಂಚಿದರು, ಎಲ್ಲರೂ ತಮಗೆ ಯಾವುದರ ಬಗ್ಗೆ ಕೃತಜ್ಞತೆ ಇದೆ ಅಂತ ಬರೆದು ಅಂಟಿಸಬೇಕು. ಆ ವರ್ಷ ಇನ್‌ಕ್ರಿಮೆಂಟ್ ಇಲ್ಲ ಅಂತ ಮೇಲ್ ಬಂದು ನಾಲ್ಕು ದಿನ ಆಗಿತ್ತು ಅಷ್ಟೆ. ನಾನು 'ಕಾಫಿ ಮಿಷನ್' ಅಂತ ಬರೆದು ಅಂಟಿಸಿದೆ. ಮರುವಾರ ಕಾಫಿ ಮಿಷನ್ನೂ ಕೆಟ್ಟಿತು, ಅದು ಬೇರೆ ಕತೆ. ಇಂಥದ್ದು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಜನ ಕೇಳಬೇಕಾದ್ದನ್ನು ಕೇಳದೇ ಇರಲಿ ಅಂತ ಅವರ ಬಾಯಿಗೆ ಬೆಲ್ಲ ಇಟ್ಟ ಹಾಗೆ. 'ಇರೋ ಕೆಲಸ ಇದೆಯಲ್ಲ ಅಂತ ಖುಷಿ ಪಡು' ಅನ್ನುವ ಮಾತು ಕೊಡುವವನ ಬಾಯಲ್ಲಿ ಬಂದರೆ ಅದು ಬೆದರಿಕೆ, ಅಲ್ವಾ?

ಆದರೆ ಅದೇ ಹೊತ್ತಿಗೆ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಎರಡು ಗಂಟೆಗೆ ಎಚ್ಚರ, ಆಮೇಲೆ ಸೀಲಿಂಗ್ ನೋಡುತ್ತಾ ಯಾರು ಯಾವಾಗ ನನಗೆ ಏನು ಅಂದರು ಅಂತ ಪಟ್ಟಿ. ಹೆಂಡತಿಗೆ ಸಾಕಾಗಿ, ಯಾವುದೋ ಬ್ಯಾಂಕಿನವರು ಕೊಟ್ಟಿದ್ದ ಹಳೇ ಡೈರಿ ತಂದು ಮುಂದೆ ಇಟ್ಟಳು. 'ದಿನಾ ಮಲಗೋ ಮುಂಚೆ ಮೂರು ಒಳ್ಳೇದು ಬರಿ, ಎಲ್ಲರೂ ಬರೀತಾರಂತೆ.' ಸರಿ ಅಂತ ಬರೆದೆ.

ಮೊದಲ ದಿನ: ಆರೋಗ್ಯ. ಮನೆಯವರು. ಕೆಲಸ.

ಎರಡನೇ ದಿನ: ಮನೆಯವರು. ಆರೋಗ್ಯ. ಮಳೆ.

ಹನ್ನೊಂದನೇ ದಿನ 'ಮೇಲಿನಂತೆ' ಅಂತ ಬರೆದಿದ್ದೇನೆ. ಸುಳ್ಳಲ್ಲ, ಡೈರಿ ಇನ್ನೂ ಇದೆ. ತಾಲೂಕು ಕಚೇರಿ ರಿಜಿಸ್ಟರ್ ಥರ ಕಾಣುತ್ತದೆ ಆ ಪುಟ.

ಹೀಗ್ಯಾಕೆ ಆಗುತ್ತೆ ಅಂತ ಸ್ವಲ್ಪ ಓದಿದೆ. ಈ ಬರೆಯುವ ಅಭ್ಯಾಸದ ಬಗ್ಗೆ ಎಲ್ಲರೂ ಹೇಳುವ ಅಧ್ಯಯನ ಒಂದಿದೆ, 2003ರದ್ದು, ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಅನ್ನುವ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರದ್ದು. ಕಾಲೇಜು ಹುಡುಗರಲ್ಲಿ ಒಂದು ಗುಂಪಿಗೆ ಆ ವಾರ ಯಾವುದಕ್ಕೆ ಕೃತಜ್ಞತೆ ಅನ್ನಿಸಿತೋ ಅದನ್ನು ಐದರವರೆಗೆ ಬರೆಯಿರಿ ಅಂದರು, ಇನ್ನೊಂದು ಗುಂಪಿಗೆ ಕಿರಿಕಿರಿ ಮಾಡಿದ್ದನ್ನು ಬರೆಯಿರಿ ಅಂದರು, ಮೂರನೆಯವರಿಗೆ ಸುಮ್ನೆ ನಡೆದದ್ದನ್ನು. ಹತ್ತು ವಾರ. ಕೊನೆಗೆ ಮೊದಲ ಗುಂಪಿನವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದ ಇದ್ದರು, ತಲೆನೋವು ಹೊಟ್ಟೆನೋವು ಅಂತ ಹೇಳಿಕೊಳ್ಳುವುದು ಕಡಿಮೆ ಇತ್ತು, ವ್ಯಾಯಾಮ ಕೂಡ ಜಾಸ್ತಿ ಮಾಡಿದ್ದರು. ಇದನ್ನು ಎಲ್ಲರೂ ಹೇಳುತ್ತಾರೆ. ಹೇಳದೇ ಬಿಡುವುದು ಏನೆಂದರೆ ಅವರು ಬರೆದದ್ದು ವಾರಕ್ಕೊಮ್ಮೆ. ಆಮೇಲೆ 2005ರಲ್ಲಿ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಜೊತೆಯವರು ಇನ್ನೊಂದು ವಿಷಯ ಹೇಳಿದರು. ಆರು ವಾರ ಬರೆಸಿ ನೋಡಿದಾಗ ವಾರಕ್ಕೆ ಒಂದು ಸಲ ಬರೆದವರ ಖುಷಿ ಹೆಚ್ಚಿತ್ತು, ಮೂರು ಸಲ ಬರೆದವರದ್ದು ಹೆಚ್ಚಿರಲಿಲ್ಲ. ದಿನಾ ಹಬ್ಬದೂಟ ಮಾಡಿದರೆ ಹೋಳಿಗೆಯೂ ಸಪ್ಪೆ ಆಗುತ್ತೆ ಅನ್ನೋದಕ್ಕೆ ಅಧ್ಯಯನ ಬೇಕಿರಲಿಲ್ಲ. ಇರಲಿ.

ಹಾಗಾಗಿ ಭಾನುವಾರ ರಾತ್ರಿ ಮಾತ್ರ ಬರೆಯೋಣ ಅಂತ ಮಾಡಿದೆ. ಜೊತೆಗೆ ನನಗೇ ಒಂದು ನಿಯಮ ಹಾಕಿಕೊಂಡೆ: ಬರೀ ನಾಮಪದ ಬರೆಯುವ ಹಾಗಿಲ್ಲ. ಆರೋಗ್ಯ, ಮನೆ, ಮಳೆ ಎಲ್ಲ ಕಟ್. ಯಾರು ಅಂತ ಇರಬೇಕು, ಏನು ಮಾಡಿದರು ಅಂತ ಇರಬೇಕು. ಕರ್ತೃ ಮತ್ತು ಕ್ರಿಯಾಪದ ಇಲ್ಲದ ಸಾಲಿಗೆ ಮಾರ್ಕ್ಸ್ ಇಲ್ಲ, ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರ ಥರ.

ಮೊದಲ ಭಾನುವಾರ ಅರ್ಧ ಗಂಟೆ ಕೂತರೂ ಒಂದು ಸಾಲು ಹುಟ್ಟಲಿಲ್ಲ. ಆ ವಾರ ನನಗೆ ಯಾರೂ ಏನೂ ಮಾಡಿಲ್ಲ ಅಂತ ನಿಜವಾಗಿ ಅನ್ನಿಸಿತು. ಕೊನೆಗೆ ನೀರು ಕುಡಿಯೋಣ ಅಂತ ಎದ್ದು ಹೋಗಿ, ಲೋಟ ಹಿಡಿದು ನಿಂತಾಗ, ಇದನ್ನು ಯಾರು ಬಿಟ್ಟರು ಅಂತ ಯೋಚನೆ ಬಂತು.

ಬಯಲುಸೀಮೆ ಊರುಗಳಲ್ಲಿ ಕೆರೆ ತೂಬು ತೆಗೆದು ಗದ್ದೆಗಳಿಗೆ ನೀರು ಹಂಚುವವರಿಗೆ ನೀರುಗಂಟಿ ಅಂತ ಹೆಸರು. ಬೆಂಗಳೂರಿನಲ್ಲಿ ವಾಲ್ವ್‌ಮ್ಯಾನ್. ನಮ್ಮ ಬೀದಿಗೆ ದಿನ ಬಿಟ್ಟು ದಿನ ಕಾವೇರಿ ನೀರು ಬರುತ್ತದೆ, ಬೆಳಗಿನ ಜಾವ. ಆ ವಾಲ್ವ್‌ಮ್ಯಾನ್ ನಂಬರ್ ನನ್ನ ಫೋನಿನಲ್ಲಿ 'ವಾಟರ್' ಅಂತ ಸೇವ್ ಆಗಿದೆ. ಕಾಲ್ ಲಿಸ್ಟ್ ತೆಗೆದು ನೋಡಿದೆ. ಮಾಡಿದ ಅಷ್ಟೂ ಕಾಲ್ ನೀರು ಬರದ ದಿನದ್ದು. ಬಂದ ದಿನ ಯಾರು ಕಾಲ್ ಮಾಡುತ್ತಾರೆ? 2024ರ ಮಾರ್ಚಿನಲ್ಲಿ ಊರಿಗೆ ಊರೇ ಟ್ಯಾಂಕರ್ ಹಿಂದೆ ಓಡುತ್ತಿದ್ದಾಗ ನಾನು ಆ ಮನುಷ್ಯನಿಗೆ ಒಂದೇ ದಿನ ನಾಲ್ಕು ಸಲ ಫೋನ್ ಮಾಡಿದ್ದೆ, ಕಾವೇರಿ ಅವರ ಮನೆ ನಲ್ಲಿಯಿಂದ ಹರಿಯುತ್ತಾಳೇನೋ ಅನ್ನುವ ಹಾಗೆ ಕೂಗಾಡಿದ್ದೆ.

ಆ ಬುಧವಾರ ಅಲಾರಂ ಇಟ್ಟುಕೊಂಡು ಎದ್ದು ಕೆಳಗೆ ಹೋದೆ. ಐದಕ್ಕೆ ಇನ್ನೂ ಹತ್ತು ನಿಮಿಷ. ಬೀದಿ ದೀಪದ ಕೆಳಗೆ ಟಿವಿಎಸ್ ನಿಲ್ಲಿಸಿ, ಅವರು ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕಬ್ಬಿಣದ ಮುಚ್ಚಳವನ್ನು ಕೊಕ್ಕೆಯಿಂದ ಎಬ್ಬಿಸುತ್ತಿದ್ದರು. ಆಮೇಲೆ ಎದೆ ಮಟ್ಟ ಬರುವ ಉದ್ದನೆಯ ಕೀಲಿ, ಮೇಲೆ ಅಡ್ಡ ಹಿಡಿ, ಅದನ್ನು ಗುಂಡಿಯೊಳಗೆ ಇಳಿಸಿ ಎರಡೂ ಕೈಯಲ್ಲಿ ತಿರುಗಿಸತೊಡಗಿದರು. ಬಾಯಲ್ಲೇ ಲೆಕ್ಕ. ಹನ್ನೊಂದು, ಹನ್ನೆರಡು. ನಿಲ್ಲಿಸಿ, ಕೀಲಿಯ ಮೇಲೆ ಕೈ ಇಟ್ಟುಕೊಂಡೇ ಒಂದು ಕ್ಷಣ ಸುಮ್ಮನೆ ನಿಂತರು, ಡಾಕ್ಟರು ನಾಡಿ ನೋಡುವ ಹಾಗೆ. ಮತ್ತೆ ಅರ್ಧ ಸುತ್ತು ಹಿಂದಕ್ಕೆ. ಕೆಳಗೆಲ್ಲೋ ಗುರ್ ಅಂತ ಸದ್ದು.

ನಾನು ಹತ್ತಿರ ಹೋಗಿ ಏನೋ ತೊದಲಿದೆ, 'ದಿನಾ ಇಷ್ಟೊತ್ತಿಗೆ ಬರ್ತೀರಲ್ಲ, ಥ್ಯಾಂಕ್ಸ್' ಅಂತ. ಅವರ ಮುಖ ಗಂಭೀರವಾಯಿತು. 'ಯಾಕೆ ಸಾರ್, ನಿಮ್ಮನೆಗೆ ನೀರು ಬರ್ತಿಲ್ವಾ?'

ಬರ್ತಿದೆ ಅಂತ ಒಪ್ಪಿಸುವುದಕ್ಕೇ ಎರಡು ನಿಮಿಷ ಹಿಡಿಯಿತು. ಅರ್ಧ ಸುತ್ತು ಯಾಕೆ ಹಿಂದಕ್ಕೆ ತಿರುಗಿಸಿದಿರಿ ಅಂತ ಕೇಳಿದೆ. 'ಪೂರ್ತಿ ಬಿಟ್ರೆ ನಿಮ್ಮ ರೋಡಿಗೆ ಜೋರು ಬರುತ್ತೆ, ಮೇಲಿನ ರೋಡಿಗೆ ಹತ್ತಲ್ಲ ಸಾರ್. ಅಲ್ಲೊಬ್ರು ವಯಸ್ಸಾದವ್ರು ಒಬ್ರೇ ಇದಾರೆ, ಅವ್ರಿಗೆ ಮೋಟ್ರಿಲ್ಲ.' ಅಷ್ಟು ಹೇಳಿ ಗಾಡಿ ಹತ್ತಿ ಮುಂದಿನ ಗುಂಡಿಗೆ ಹೋದರು.

ಆ ನೀರು ಬರುವುದು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ. ಮೂರು ಕಡೆ ಪಂಪ್ ಮಾಡಿ, ಹತ್ತಿರ ಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಹತ್ತಿಸಿ ಊರಿಗೆ ತರುತ್ತಾರೆ. 1974ರಲ್ಲಿ ಮೊದಲ ಹಂತ, 2024ರ ಅಕ್ಟೋಬರಿನಲ್ಲಿ ಐದನೇ ಹಂತ, ಅದೊಂದರಲ್ಲೇ ದಿನಕ್ಕೆ 77.5 ಕೋಟಿ ಲೀಟರ್ ತರುವ ಲೆಕ್ಕ. ಇದೆಲ್ಲ ಪೇಪರಿನಲ್ಲಿ ಬರುತ್ತದೆ. ಇಷ್ಟೆಲ್ಲ ದಾಟಿ ಬಂದ ನೀರು ಕೊನೆಗೆ ನಮ್ಮ ಬೀದಿಗೆ ಎಷ್ಟು, ಮೇಲಿನ ಬೀದಿಗೆ ಎಷ್ಟು ಅನ್ನುವುದು ಆ ಅರ್ಧ ಸುತ್ತಿನಲ್ಲಿ ತೀರ್ಮಾನ ಆಗುತ್ತದೆ ಅನ್ನೋದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಆ ಭಾನುವಾರ ಡೈರಿಯಲ್ಲಿ ಒಂದೇ ಸಾಲು: 'ವಾಲ್ವ್‌ಮ್ಯಾನ್ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರು.' ಓದಿದ ಹೆಂಡತಿ, 'ಇದರಲ್ಲಿ ನಿಮಗೆ ಏನು ಒಳ್ಳೇದಾಯ್ತು, ನಿಮ್ಮ ನೀರು ಕಮ್ಮಿ ಆಯ್ತಲ್ಲ' ಅಂದಳು. ಹೌದು. ಆದರೂ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಯಾಕೆ ಅಂತ ಕೇಳಬೇಡಿ.

ಇದಾದ ಮೇಲೆ ಒಂದು ಶನಿವಾರ ಮಗಳನ್ನು ಕರೆದುಕೊಂಡು ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿಗೆ ಹೋಗಿದ್ದೆ, ಆ ಕೆಂಪು ಕಟ್ಟಡ. ಅಲ್ಲಿ ಆತಕೂರು ಶಾಸನ ಇದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನದು, ಹತ್ತನೇ ಶತಮಾನದ ನಡುಮಧ್ಯದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ರಾಜಾದಿತ್ಯನನ್ನು ತಕ್ಕೋಲಂ ಯುದ್ಧದಲ್ಲಿ ಸೋಲಿಸಿದ ಸುದ್ದಿ ಅದರಲ್ಲಿದೆ, ಅದಕ್ಕೇ ಇತಿಹಾಸದವರಿಗೆ ಅದು ಮುಖ್ಯ. ನನಗೆ ಮುಖ್ಯ ಆದದ್ದು ನಾಯಿ. ಆ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಮಣಲೆರ ಅನ್ನುವವನಿಗೆ ಕೃಷ್ಣನ ಕಡೆಯ ಗಂಗರ ದೊರೆ ಬೂತುಗ, ಏನು ಬೇಕು ಕೇಳು ಅಂತಾನೆ. ಮಣಲೆರ ಕೇಳಿದ್ದು ದೊರೆಯ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆಮೇಲೆ ಒಂದು ದಿನ ಕಾಡುಹಂದಿ ಬೇಟೆಯಲ್ಲಿ ಕಾಳಿಯೂ ಹಂದಿಯೂ ಕಾದಾಡಿ ಎರಡೂ ಸತ್ತುಹೋದವು. ಅದಕ್ಕೆ ಊರಿನ ಶಿವನ ಗುಡಿಯ ಹತ್ತಿರ ಈ ಕಲ್ಲು ನೆಡಿಸಿ, ಭೂಮಿಯನ್ನೂ ದಾನ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಇನ್ನೂ ಕಾದಾಡುತ್ತಿವೆ.

ನನ್ನನ್ನು ನಿಲ್ಲಿಸಿದ್ದು ಕೊನೆಯ ಮಾತು. ಆ ಜಾಗ ನೋಡಿಕೊಳ್ಳುವ ಗೊರವ, ಅಂದರೆ ಶಿವನ ಪೂಜಾರಿ, ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆ ಅಂತ ಬರೆಸಿದ್ದಾರೆ. ಅಂದರೆ ದಿನಾ ಊಟಕ್ಕೆ ಕೂರುವ ಮುಂಚೆ ಆ ನಾಯಿಯನ್ನು ನೆನೆಯಬೇಕು. ಹಳದಿ ಚೀಟಿ ಇಲ್ಲ, ಡೈರಿ ಇಲ್ಲ. ಹಸಿವಿಗೇ ಗಂಟು ಹಾಕಿಬಿಟ್ಟಿದ್ದಾರೆ ನೋಡಿ, ಮರೆಯೋಕೆ ಆಗದ ಹಾಗೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅಂತ ಗಾದೆಯಲ್ಲಿ ಹೇಳ್ತೀವಿ, ಇವರು ಸಾವಿರ ವರ್ಷದ ಹಿಂದೆ ನಾಯಿಗೂ ಅದನ್ನು ಕಲ್ಲಲ್ಲಿ ಕೊರೆಸಿದ್ದರು. ಮಗಳು ಕೇಳಿದ್ದು ಬೇರೆ: 'ಹಂದಿಗೆ ಯಾರೂ ಕಲ್ಲು ಹಾಕ್ಸಿಲ್ವಾ ಅಪ್ಪ?' ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಇನ್ನು ಈ ಥ್ಯಾಂಕ್ಸ್ ವಿಷಯ. ನಾವು ಮನೆಯಲ್ಲಿ ಥ್ಯಾಂಕ್ಸ್ ಅನ್ನಲ್ಲ, ಕನ್ನಡದವರಿಗೆ ಅದೊಂದು ಕೆಟ್ಟ ಅಭ್ಯಾಸ ಅಂತ ವಿದೇಶಕ್ಕೆ ಹೋಗಿ ಬಂದ ನೆಂಟರು ಹೇಳುತ್ತಿರುತ್ತಾರೆ. ಧನ್ಯವಾದ ಅಂದರೆ ಅದು ವೇದಿಕೆ ಮಾತು, ವಂದನಾರ್ಪಣೆ ಮಾಡುವವರು ಮೈಕಿನಲ್ಲಿ ಹೇಳುವಂಥದ್ದು, ಅಷ್ಟೊತ್ತಿಗೆ ಜನ ಅರ್ಧ ಎದ್ದು ಹೋಗಿರುತ್ತಾರೆ. ಅಪ್ಪನಿಗೆ ಯಾರಾದರೂ ಧನ್ಯವಾದ ಹೇಳಿದ್ದು ನಾನಂತೂ ಕೇಳಿಲ್ಲ. ಆದರೆ ಇದು ನಮ್ಮೊಬ್ಬರ ಕತೆ ಅಲ್ಲವಂತೆ. 2018ರಲ್ಲಿ ಭಾಷಾಶಾಸ್ತ್ರದವರು ಐದು ಖಂಡಗಳ ಎಂಟು ಭಾಷೆಗಳಲ್ಲಿ ಮನೆಯವರು, ಗೆಳೆಯರು ಮಾತಾಡುವುದನ್ನು ರೆಕಾರ್ಡ್ ಮಾಡಿ ನೋಡಿದರು. ಉಪ್ಪು ಕೊಡು, ಅದನ್ನು ಎತ್ತಿಕೊಡು ಅಂತ ಕೇಳಿ, ಕೊಟ್ಟಾಗ ಥ್ಯಾಂಕ್ಸ್ ಅಂದದ್ದು ಸುಮಾರು ಇಪ್ಪತ್ತರಲ್ಲಿ ಒಂದು ಸಲ. ಇಂಗ್ಲಿಷ್, ಇಟಾಲಿಯನ್ ಮಾತಾಡುವವರು ಸ್ವಲ್ಪ ಜಾಸ್ತಿ. ಈಕ್ವೆಡಾರಿನ ಚಾಪಲಾ ಅನ್ನುವ ಭಾಷೆಯಲ್ಲಂತೂ ಥ್ಯಾಂಕ್ಸ್ ಹೇಳುವ ಬಗೆಯೇ ಇಲ್ಲ. ಕೇಳಿದರೆ ಕೊಡುತ್ತಾರೆ, ಅಷ್ಟೆ. ಆ ಎಂಟರಲ್ಲಿ ಕನ್ನಡ ಇರಲಿಲ್ಲ. ಇದ್ದಿದ್ದರೆ ನಮ್ಮನೆ ರೆಕಾರ್ಡಿಂಗಿನಲ್ಲಿ 'ಉಪ್ಪು ಅಲ್ಲೇ ಇದೆ, ಕಣ್ಣು ಕಾಣಲ್ವಾ' ಅಂತ ಸಿಗುತ್ತಿತ್ತು.

ನಮ್ಮಲ್ಲಿ ಆ ಜಾಗಕ್ಕೆ ಬೇರೆ ಮಾತಿದೆ. ದೊಡ್ಡ ಉಪಕಾರ ಆಯ್ತು ಅಂತಾರೆ ಹಳಬರು. ನಿನ್ನ ಹೊಟ್ಟೆ ತಣ್ಣಗಿರಲಿ ಅಂತಾರೆ. ಮತ್ತೆ ಋಣ. ಈ ಋಣ ಅನ್ನೋದು ವಿಚಿತ್ರ ಲೆಕ್ಕ. ಬ್ಯಾಂಕ್ ಸಾಲ ತೀರಿದರೆ ಸ್ವೀಟ್ ಹಂಚುತ್ತೇವೆ, ಋಣ ತೀರಿತು ಅಂದರೆ ಯಾರೋ ಸತ್ತರು ಅಂತ ಅರ್ಥ. 'ಅವನಿಗೂ ನನಗೂ ಲೆಕ್ಕ ಚುಕ್ತಾ' ಅಂದರೆ ಇನ್ನು ಮಾತಿಲ್ಲ, ಮುಖ ನೋಡಲ್ಲ. ಹಾಗಾಗಿ ಬಳಕೆಯಲ್ಲಿ ಇರಬೇಕಾದವರ ಜೊತೆ ಲೆಕ್ಕ ಯಾವತ್ತೂ ಸೊನ್ನೆಗೆ ಬರಬಾರದು. ಚಕ್ಕುಲಿಗೆ ಥ್ಯಾಂಕ್ಸ್ ಹೇಳಿ ಖಾಲಿ ಡಬ್ಬಿ ಕೊಟ್ಟರೆ ಅಲ್ಲಿಗೆ ಮುಗಿಯಿತು. ಏನಾದರೂ ಹಾಕಿ ಕೊಟ್ಟರೆ ಅವರ ಮನೆಯಲ್ಲಿ ನಮ್ಮ ಲೆಕ್ಕ, ಮತ್ತೆ ಯಾವಾಗಲೋ ಆ ಡಬ್ಬಿ ಇತ್ತ ಬರುತ್ತದೆ. ಅಮ್ಮ ಇದನ್ನೆಲ್ಲ ಬಿಡಿಸಿ ಹೇಳಲ್ಲ. ಅವಳಿಗೆ ಅದು 'ಮರ್ಯಾದೆ'.

ನಮ್ಮ ಕಡೆ ಭೂಮಿಗೂ ಖಾಲಿ ಬುಟ್ಟಿ ಒಯ್ಯಲ್ಲ. ಆಶ್ವೀಜದ ಹುಣ್ಣಿಮೆಗೆ ಭೂಮಿ ಹುಣ್ಣಿಮೆ, ಭತ್ತ ಹೊಡೆ ಕಟ್ಟಿ ತುಂಬಿಕೊಳ್ಳುವ ಹೊತ್ತು, ಅಂದರೆ ಭೂಮಿ ಬಸುರಿ. ಬಸುರಿಗೆ ಬಯಕೆ ಊಟ. ರಾತ್ರಿಯಿಡೀ ಅಡುಗೆ ಮಾಡಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟು, ಬೆಳಕು ಹರಿಯುವ ಮುಂಚೆ ಗದ್ದೆಗೆ ಹೊತ್ತು, ಹಲವು ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿ ಬೀರುತ್ತಾ ಭೂತಾಯಿಯನ್ನು ಉಣ್ಣೋಕೆ ಕರೀತಾರೆ. ಕಾಗೆಗೆ ಒಂದು ಪಾಲು, ಇಲಿಗೂ ಒಂದು ಪಾಲು. ಇಲಿ ಭತ್ತ ತಿಂತದಲ್ಲ, ಅದಕ್ಯಾಕೆ ಅಂತ ಸಣ್ಣವನಿದ್ದಾಗ ಕೇಳಿದ್ದೆ. 'ಅದು ಹೆಂಗೂ ತಿಂತದೆ, ನಾವು ಕೊಟ್ಟಿದ್ದು ಅಂತ ಆದ್ರೂ ಆಗ್ಲಿ' ಅಂದಿದ್ದ ಅಜ್ಜ.

ಕೊಡುವವರಿಗೆ ಕೊಡಬೇಕಾದ್ದನ್ನು ಕೊಡದೆ ಬರೀ ಹೊಗಳುವುದಕ್ಕೂ ಕೃತಜ್ಞತೆ ಅಂತಲೇ ಹೆಸರಿಟ್ಟಿದ್ದೇವೆ, ಅದು ಮಾತ್ರ ನನಗೆ ಆಗಿಬರಲ್ಲ. ಸೆಪ್ಟೆಂಬರ್ 23 ಪೌರಕಾರ್ಮಿಕರ ದಿನ. ಶಾಲು, ಪೇಟ, ಹಣ್ಣಿನ ಬುಟ್ಟಿ, ಫೋಟೋ. ಅದೇ ಜನ 2022ರ ಜುಲೈನಲ್ಲಿ ಕೆಲಸ ಕಾಯಂ ಮಾಡಿ ಅಂತ ಮಳೆಗಾಲದಲ್ಲಿ ಕೆಲಸ ನಿಲ್ಲಿಸಿ ಬೀದಿಗೆ ಬಂದು ಕೂರಬೇಕಾಯಿತು. ಆ ನಾಲ್ಕು ದಿನ ಕಸ ಕೊಳೆತದ್ದು ನಮಗೆ ನೆನಪಿದೆ, ಶಾಲು ಹೊದಿಸಿದ್ದು ಅವರಿಗೆ ನೆನಪಿದೆಯೋ ಇಲ್ಲವೋ. ಡಬ್ಬಿಯ ಮೇಲೆ ಹೂವಿಟ್ಟು ಒಳಗೆ ಏನೂ ಹಾಕದೇ ಕೊಟ್ಟ ಹಾಗೆ ಅದು.

ಸರಿ, ಇನ್ನು ಧಾರವಾಡದ ಒಂದು ವಿಷಯ ಹೇಳುತ್ತೇನೆ, ಡೈರಿಯಿಂದ ನನಗೆ ಸಿಕ್ಕ ಅಸಲು ಅದೇ.

ಅಮಿತ್ ಕುಮಾರ್, ನಿಕೊಲಸ್ ಎಪ್ಲಿ ಅನ್ನುವ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಕೆಲಸ ಮಾಡಿದ್ದರು. ತಮಗೆ ಉಪಕಾರ ಮಾಡಿದವರಿಗೆ ಪತ್ರ ಬರೆಯಿರಿ ಅಂತ ಜನರಿಗೆ ಹೇಳಿ, ಓದಿದವರಿಗೆ ಹೇಗನ್ನಿಸಬಹುದು ಅಂತ ಬರೆದವರನ್ನು ಕೇಳಿದರು, ಆಮೇಲೆ ಓದಿದವರನ್ನೇ ಕೇಳಿದರು. ಬರೆದವರು ಮುಜುಗರ ಆಗುತ್ತೆ ಅಂದುಕೊಂಡಷ್ಟು ಓದಿದವರಿಗೆ ಮುಜುಗರ ಆಗಿರಲಿಲ್ಲ, ಖುಷಿ ಮಾತ್ರ ಇವರು ಊಹಿಸಿದ್ದಕ್ಕಿಂತ ಜಾಸ್ತಿ ಆಗಿತ್ತು. ಇದನ್ನು ಓದಿದ ದಿನವೇ ಖಾನಾವಳಿ ಅಕ್ಕಾರು ನೆನಪಾದರು.

2005ರಲ್ಲಿ ನಾನು ಧಾರವಾಡದಲ್ಲಿ ಎಂಎ ಓದುತ್ತಿದ್ದೆ. ಅವರ ಖಾನಾವಳಿಯಲ್ಲಿ ತಿಂಗಳ ಊಟ. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಕೊನೆಗೆ ಎರಡು ಚಮಚ ಅನ್ನ. ಮಲೆನಾಡಿನ ನನಗೆ ಆ ಎರಡು ಚಮಚ ಎಲ್ಲಿ ಸಾಕು. ದಿನಾ ಅನ್ನ ಅನ್ನ ಅಂತ ಪ್ರಾಣ ತಿನ್ನುತ್ತಿದ್ದೆ. ಆ ವರ್ಷ ಅಡಿಕೆ ಕೊಳೆ ಬಂದು ಮನೆಯಿಂದ ದುಡ್ಡು ಬರುವುದು ನಿಂತಿತು. ಮೊಳೆಗೆ ದಾರ ಕಟ್ಟಿ ನೇತುಹಾಕಿದ್ದ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಎರಡು ತಿಂಗಳು ಏನೂ ಬರೆದಿರಲಿಲ್ಲ. ಅಕ್ಕಾರು ಒಂದು ದಿನವೂ ಕೇಳಲಿಲ್ಲ. ಕೇಳಲಿಲ್ಲ ಅನ್ನುವುದಷ್ಟೇ ಅಲ್ಲ, ಆ ಎರಡು ತಿಂಗಳು ನನಗೆ ಅನ್ನ ಒಂದು ಚಮಚ ಜಾಸ್ತಿ ಬೀಳುತ್ತಿತ್ತು. ನಾನು ನಾಚಿಕೆಯಿಂದ ತಲೆ ಎತ್ತದೆ ಉಂಡು ಎದ್ದುಹೋಗುತ್ತಿದ್ದೆ. ಮೂರನೇ ತಿಂಗಳು ದುಡ್ಡು ಕೊಟ್ಟೆ, ಮುಂದೆ ಊರು ಬಿಟ್ಟೆ, ಮುಗಿಯಿತು.

ಹಳೇ ಗೆಳೆಯನೊಬ್ಬ ಅಲ್ಲೇ ಇದ್ದಾನೆ, ಅವನ ಮೂಲಕ ನಂಬರ್ ಸಿಕ್ಕಿತು. ಖಾನಾವಳಿ ಈಗ ಮಗ ನಡೆಸುತ್ತಾನೆ. ಫೋನ್ ಮಾಡುವ ಮುಂಚೆ ಏನು ಹೇಳಬೇಕು ಅಂತ ಚೀಟಿಯಲ್ಲಿ ಬರೆದುಕೊಂಡಿದ್ದೆ.

'ಯಾರ್ರಿ?'

'ಅಕ್ಕಾರ, ನಾನು ಸಾಗರದಂವ. ನಿಮ್ಮಲ್ಲಿ ಊಟ ಮಾಡ್ತಿದ್ದೆ, ಭಾಳ ವರ್ಷ ಆತು.'

'ಯಾವ ಸಾಗರದಂವಪಾ? ಭಾಳ ಹುಡುಗರು ಇದ್ರು.'

'ಅನ್ನ ಜಾಸ್ತಿ ಕೇಳ್ತಿದ್ದೆ...'

'ಅಯ್ಯ! ರೊಟ್ಟಿ ಬ್ಯಾಡ್ರಿ ಅನ್ನ ಹಾಕ್ರಿ ಅನ್ನಾಂವ! ಆರಾಮ ಅದಿ? ಲಗ್ನ ಆತಿಲ್ಲೋ? ಮಕ್ಕಳೆಷ್ಟು?'

ಇದೆಲ್ಲ ಮುಗಿದ ಮೇಲೆ ಚೀಟಿ ನೋಡಿಕೊಂಡು ಆ ಎರಡು ತಿಂಗಳ ವಿಷಯ ಹೇಳಿದೆ. ಗಂಟಲು ಯಾಕೋ ಕಟ್ಟಿತು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನೆ.

'ನನಗೇನ್ ನೆಪ್ಪಿಲ್ಲ ಬಿಡು. ಆಮ್ಯಾಲ ಕೊಟ್ಟಿ ಹೌದಿಲ್ಲೋ?'

'ಕೊಟ್ಟೆ.'

'ಮತ್ತೇನಪಾ? ಇಷ್ಟು ವರ್ಷಕ್ಕ ಇದ ಹೇಳಾಕ ಫೋನ್ ಮಾಡಿಯೇನು?' ಅಂತ ನಕ್ಕರು. ಆಮೇಲೆ ಅವರೇ, 'ನನಗ ನೆಪ್ಪಿರೋದು ಬ್ಯಾರೆ. ನನ್ನ ಮಗಳ ಹಾಸ್ಟೆಲ್ ಅರ್ಜಿ ನೀ ಬರದು ಕೊಟ್ಟಿದ್ದಿ. ಮಳಿಯೊಳಗ ಹೋಗಿ ಕೊಟ್ಟೂ ಬಂದಿ. ಅಕಿಗೆ ಸೀಟ್ ಸಿಕ್ತು. ಈಗ ಸಾಲಿ ಟೀಚರ್ ಅದಾಳ. ನಾವು ಆಗಾಗ ನೆನಸ್ತೀವಿ, ಆ ಅನ್ನದ ಹುಡುಗ ಅಂತ.'

ನನಗೆ ಅಂಥ ಅರ್ಜಿ ಬರೆದ ನೆನಪೇ ಇಲ್ಲ. ಎಷ್ಟು ಯೋಚಿಸಿದರೂ ಇಲ್ಲ. ಬೇರೆ ಯಾರೋ ಹುಡುಗ ಇರಬಹುದು ಅಂತಲೂ ಅನ್ನಿಸಿತು, ಹೇಳೋಣ ಅಂತ ಬಾಯಿ ತೆಗೆದವನು ಸುಮ್ಮನಾದೆ. ನಾನು ಇಷ್ಟು ವರ್ಷ ಹೊತ್ತುಕೊಂಡಿದ್ದ ಸಾಲ ಅವರ ಪುಸ್ತಕದಲ್ಲಿಲ್ಲ, ಅವರು ಬರೆದಿಟ್ಟುಕೊಂಡದ್ದು ನನ್ನ ಪುಸ್ತಕದಲ್ಲಿಲ್ಲ. ಎರಡೂ ಕಡೆ ಬಾಕಿ ಇದೆ, ತಾಳೆ ಮಾತ್ರ ಆಗಲ್ಲ.

'ಊಟ ಆತಿಲ್ಲೋ ಈಗ?' ಅಂದರು ಕೊನೆಗೆ. ಮಧ್ಯಾಹ್ನ ಮೂರೂವರೆ. ಇಲ್ಲ ಅಂದಿದ್ದರೆ ಬೈಯುತ್ತಿದ್ದರು.

ಕಳೆದ ವಾರ ಅವರ ಮಗನ ಪರಿಚಯದವರು ಯಾರೋ ಬೆಂಗಳೂರಿಗೆ ಬರುವವರ ಕೈಯಲ್ಲಿ ಒಂದು ಚೀಲ ಬಂತು. ಬಿಳಿ ಬಟ್ಟೆಯಲ್ಲಿ ಕಟ್ಟಿದ ಮೂವತ್ತು ಕಡಕ್ ರೊಟ್ಟಿ, ಒಂದೂ ಮುರಿದಿಲ್ಲ. ಒಂದು ಡಬ್ಬಿ ತುಂಬ ಶೇಂಗಾ ಚಟ್ನಿ ಪುಡಿ. ಇನ್ನೊಂದು ಸಣ್ಣ ಪ್ಲಾಸ್ಟಿಕ್ ಕವರಿನಲ್ಲಿ ಅರ್ಧ ಕಿಲೋ ಅಕ್ಕಿ. ಅಕ್ಕಿ ನೋಡಿ ನಾನು ಒಬ್ಬನೇ ನಕ್ಕೆ, ಮನೆಯವರಿಗೆ ಅರ್ಥ ಆಗಲಿಲ್ಲ.

ಈಗ ಕಟ್ಟೆ ಮೇಲೆ ಎರಡು ಡಬ್ಬಿ.

ಎದುರುಮನೆ ಡಬ್ಬಿಗೆ ನಾಳೆ ತಂಬಿಟ್ಟು ಅಂತ ತೀರ್ಮಾನ ಆಗಿದೆ. ಧಾರವಾಡದ್ದಕ್ಕೆ ಏನು ಅಂತ ದೊಡ್ಡ ಚರ್ಚೆ ನಡೆಯಿತು. ತೊಡೆದೇವು ಅಂದೆ, ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪುಡಿ ಆಗುತ್ತೆ ಅಂದಳು ಹೆಂಡತಿ. ಜೋನಿ ಬೆಲ್ಲ ಅಂದರೆ ಸೋರುತ್ತೆ. ಕೊನೆಗೆ ಅಮ್ಮ ಊರಿಂದ ತಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಅಂತ ಆಯಿತು, ಅದೂ ಅವಳ ಜಾಡಿಯಿಂದ, ಅವಳ ಒಪ್ಪಿಗೆಯಿಂದ, ಇದು ಸಣ್ಣ ವಿಷಯ ಅಲ್ಲ. ಆದರೆ ಉಪ್ಪಿನಕಾಯಿಯನ್ನು ಸ್ಟೀಲಿನಲ್ಲಿ ಇಡೋ ಹಾಗಿಲ್ಲ, ಗಾಜಿನ ಬಾಟಲಿಯಲ್ಲಿ ಹಾಕಿ ಆ ಬಾಟಲಿಯನ್ನು ಡಬ್ಬಿಯೊಳಗೆ ಇಡಬೇಕು. ಇರುವ ಬಾಟಲಿ ಡಬ್ಬಿಗಿಂತ ಒಂದು ಬೆರಳು ಎತ್ತರ, ಮುಚ್ಚಳ ಕೂರುತ್ತಿಲ್ಲ. ಗಿಡ್ಡ ಬಾಟಲಿ ಹುಡುಕುತ್ತಿದ್ದೇವೆ.